ಕೈ ತೊಳೆಯಿರಿ ಅಂದರೆ ಅವಮಾನ

"ಯಾಕವಾ, ನಾವೇನು ಹೊಲಸ ಮಂದಿ ಅನಕೊಂಡಿಯೇನು?"

ಹೀಗೆ ಕೇಳಿದವರು ನನ್ನ ಸ್ವಂತ ಸೋದರತ್ತೆ. ಕೇಳಿದ್ದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ನಾನು ಮಾಡಿದ ಅಪರಾಧ ಇಷ್ಟೆ: "ಅತ್ತಿ, ಅಕ್ಕನ್ನ ಮುಟ್ಟೂಕಿಂತ ಮೊದಲ ಕೈ ತೊಳಕೊಳ್ರಿ" ಅಂದಿದ್ದೆ.

ಅಕ್ಕ ದೇಶಪಾಂಡೆ ನಗರದಲ್ಲಿ ಖಾನಾವಳಿ ನಡೆಸುತ್ತಾಳೆ. ನವನಗರದ ಹತ್ತಿರ ಸ್ಕೂಟರ್ ಜಾರಿ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಶುಗರ್ ಬೇರೆ ಇದೆ. ಒಳಗೆ ರಾಡ್ ಹಾಕಿದರು. "ಆಪರೇಷನ್ ಛಲೋ ಆಗೇತ್ರಿ" ಅಂದರು ಡಾಕ್ಟರ್. ಸುಳ್ಳೇನಲ್ಲ, ಆಪರೇಷನ್ ಚೆನ್ನಾಗಿಯೇ ಆಗಿತ್ತು.

ಆಮೇಲೆ ಶುರುವಾಯಿತು ನೋಡಿ, ಮಾತಾಡಿಸುವವರ ದಂಡು. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ನಡೆದೀತು, ದವಾಖಾನೆಗೆ ಹೋಗಿ ಮಾತಾಡಿಸದಿದ್ದರೆ ಜೀವಮಾನದ ಹಗೆ! ಲಕಮನಹಳ್ಳಿಯಿಂದ ಒಂದು ಟೆಂಪೊ ತುಂಬ ನೆಂಟರು ಬಂದರು. ಎಲ್ಲರೂ ಮಂಚದ ಮೇಲೆಯೇ ಕೂತರು. ಎಲ್ಲರಿಗೂ ಹೊಲಿಗೆ ನೋಡಬೇಕು. ಒಬ್ಬರು ಮಠದಿಂದ ತಂದ ವಿಭೂತಿಯನ್ನು ಪಟ್ಟಿಯ ಅಂಚಿಗೇ ಸವರಿದರು ("ಲಗೂ ಮಾಯ್ತೈತಿ, ಸುಮ್ನಿರು"). ಸೋದರತ್ತೆಯಂತೂ ಅದೇ ವಾರ್ಡಿನಲ್ಲಿ ಕೀವಾದ ಕಾಲಿನ ಇನ್ನೊಬ್ಬ ನೆಂಟರನ್ನು ಸವರಿ, ಸಮಾಧಾನ ಹೇಳಿ, ನೇರ ಇಲ್ಲಿಗೆ ಬಂದಿದ್ದರು.

ಮನೆಗೆ ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡುವ ಜನ ನಾವು. ಅದು ಮರ್ಯಾದೆ. ದವಾಖಾನೆಯಲ್ಲಿ ಕೈಗೆ ನೀರು ತೋರಿಸಿದರೆ ಅವಮಾನ. ಇದು ಯಾವ ಲೆಕ್ಕ?

ಮಾವ, ಅಂದರೆ ಅಕ್ಕನ ಗಂಡ, ನನ್ನನ್ನು ಆಚೆ ಕರೆದು ಬೈದರು. "ಬಂದ ಮಂದಿಗೆ ಹಂಗ ಅಂತಾರೇನು? ನಾಳೆ ಅವರ ಮನಿಗೆ ಹೆಂಗ ಹೋಗೂಣು?"

ಅಷ್ಟರಲ್ಲಿ ಡಾಕ್ಟರ್ ರೌಂಡ್ಸ್‌ಗೆ ಬಂದರು. ಪಕ್ಕದ ಮಂಚದವರ ಗಾಯ ಬಿಚ್ಚಿ ನೋಡಿ, ಅದೇ ಕೈಯಲ್ಲಿ ಅಕ್ಕನ ಪಟ್ಟಿಗೆ ಕೈ ಹಾಕಿದರು. ನನಗೆ ತಡೆಯಲಾಗಲಿಲ್ಲ. "ಸರ್, ಕೈ..." ಅಂದೆ.

"ನೀವು ಡಾಕ್ಟರ್ ಏನ್ರಿ?"

ಮಾವ ಕೈಮುಗಿದೇ ಬಿಟ್ಟರು. "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಸರ್, ಆಕಿಗೆ ತಿಳಿಯಂಗಿಲ್ಲ."

ತಿಳಿಯಬೇಕಾದವರಿಗೆ ಬೇಗ ತಿಳಿಯಿತು. ಜ್ವರ ಬಂತು, ಹೊಲಿಗೆ ಬಿಚ್ಚಿ ಕೀವು ಬಂತು. ಪರೀಕ್ಷೆಗೆ ಕಳಿಸಿದರೆ ಸ್ಟ್ಯಾಫ್ ಅನ್ನುವ ಬ್ಯಾಕ್ಟೀರಿಯಾ. ಅದು ನಮ್ಮ ನಿಮ್ಮ ಚರ್ಮದ ಮೇಲೆಯೂ ಇರುತ್ತದಂತೆ. ಆದರೆ ಇದು ಆಸ್ಪತ್ರೆಯಲ್ಲೇ ಬೆಳೆದದ್ದು, ಎಲ್ಲ ಔಷಧಿಯ ಪಟ್ಟು ಕಲಿತ ಗರಡಿಮನೆ ಪೈಲ್ವಾನ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ.

ಪಟ್ಟು ಕಲಿಸಿದವರು ಯಾರು? ನೆಗಡಿ ಬಂದರೆ ಮೆಡಿಕಲ್ ಶಾಪಿನಲ್ಲಿ ಎರಡು ಗುಳಿಗೆ ಕೇಳಿ ನುಂಗಿ, ಹಗುರಾದ ಕೂಡಲೇ ಬಿಡುವ ನಮ್ಮ ಮಾವ. ಕೇಳಿದ ಕೂಡಲೇ ಕೊಡುವ ಅಂಗಡಿಯವರು. ಸಾದಾ ಜ್ವರಕ್ಕೂ ಜೋರಿನ ಔಷಧಿಯನ್ನೇ ಬರೆಯುವ ಡಾಕ್ಟರುಗಳು. ಮಾಡಿದ್ದು ಇಷ್ಟು ಜನ, ಉಂಡದ್ದು ಅಕ್ಕ.

ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ರಾಡ್ ತೆಗೆದರು. ಅಕ್ಕ ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: "ಡಾಕ್ಟ್ರ, ಮತ್ತ ಒಲಿ ಮುಂದ ನಿಂದ್ರಾಕ ಬರತೈತಿಲ್ರಿ?" ಅವರು ಚಾರ್ಟ್ ನೋಡಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಕೊನೆಗೆ ಸೋಂಕು ಮೇಲೇರುವ ಮೊದಲು ಮೊಣಕಾಲ ಕೆಳಗೆ ಕಾಲು ತೆಗೆಯಲೇಬೇಕು ಅಂದರು.

ಯಾರ ಕೈಯಿಂದ ಬಂತು ಅಂತ ಈಗ ಯಾರೂ ಹೇಳಲಾರರು. ಆಸ್ಪತ್ರೆಯವರು "ವಿಸಿಟರ್ಸ್ ಭಾಳ ಆದ್ರು" ಅಂದರು. ಸೋದರತ್ತೆ "ಆ ದವಾಖಾನಿನ ಖರಾಬ" ಅಂದರು. ಮೊನ್ನೆ ನೆಂಟರೆಲ್ಲ ಮತ್ತೆ ಬಂದಿದ್ದರು, ಮಾತಾಡಿಸಲು. ಮಾವ ಕುರ್ಚಿ ಹಾಕಿ ಕೂರಿಸಿದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಅಕ್ಕನ ಕಾಲು ಹೋಯಿತು, ನಮ್ಮೆಲ್ಲರ ಮರ್ಯಾದೆ ಮಾತ್ರ ಉಳಿಯಿತು.