ಡಾಕ್ಟರಿಗೆ ನಿಜ ಹೇಳಿದವಳು ಕಾಶವ್ವ

ಅತ್ತೆಯ ಜ್ವರದ ಮೂಲ ಹಿಡಿದವಳು ನಾನಲ್ಲ. ಏಳು ವರ್ಷ ಆ ಹೆಸರು ಹೊತ್ತುಕೊಂಡು ಓಡಾಡಿದೆ — ಹೆಮ್ಮೆಯಿಂದಲೇ. ಹಿಡಿದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಕಾಶವ್ವ, ಶಾಲೆಯ ಮೆಟ್ಟಿಲು ಹತ್ತದವಳು.

ತಿಕೋಟಾದ ಮನೆಯಲ್ಲಿ ಮಾವ ಆಡಿನ ಮೈಯ ಉಣ್ಣಿಗಳನ್ನು ಕಿತ್ತು ಉಗುರಿನಿಂದಲೇ ಹಿಸುಕುತ್ತಿದ್ದರು. ಅವರಿಗೆ ಜ್ವರ ಬಂತು, ವಸಡಿನಿಂದ ರಕ್ತ ಒಸರಿತು. ಡೆಂಗಿ ಇರಬೇಕು ಅನ್ನುವಷ್ಟರಲ್ಲಿ ತೀರಿಕೊಂಡರು. ಅವರ ಬಾಯಿ ಒರೆಸಿದ ಅತ್ತೆಗೆ ವಾರದೊಳಗೆ ಅದೇ ಜ್ವರ. ವಿಜಯಪುರದಲ್ಲಿ ಹೈಸ್ಕೂಲ್ ಶಿಕ್ಷಕಿಯಾಗಿದ್ದ ನಾನು ಅವರನ್ನು ಸೊಲ್ಲಾಪುರ ರಸ್ತೆಯ ಆಸ್ಪತ್ರೆಗೆ ಸೇರಿಸಿದೆ. ಕಾಶವ್ವ ಜೊತೆಗೆ ಬಂದಿದ್ದಳು.

"ಮನ್ಯಾಗ ದನ, ಆಡು ಅದಾವೇನ್ರಿ? ಬ್ಯಾರೆ ಯಾರಿಗರೆ ಜ್ವರ ಬಂದಿತ್ತೇನ್ರಿ?" ಡಾಕ್ಟರು ಕೇಳಿದರು.

"ಇಲ್ಲ ಸರ್. ನಾವು ನೌಕರಿ ಮಂದಿ," ಅಂದೆ.

ಯಾಕೆ ಹಾಗಂದೆ? ಇಸ್ತ್ರಿ ಸೀರೆ ಉಟ್ಟ ನನ್ನ ಹಿಂದೆ ಆಡಿನ ಕೊಟ್ಟಿಗೆ ಕಾಣಬಾರದಿತ್ತು, ಮಾವನ ಜ್ವರದ ಮಾತೆತ್ತಿದರೆ ಅದೂ ಹೊರಬರುತ್ತಿತ್ತು — ನಾಚಿಕೆ, ಅಷ್ಟೇ.

ಬಾಗಿಲ ಬಳಿ ನಿಂತಿದ್ದ ಕಾಶವ್ವ ಒಳಗೆ ಬಂದಳು. "ಅದಾವ್ರಿ ಸಾಹೇಬ್ರ, ಎಂಟು ಆಡು ಅದಾವ. ಮಾವ ಉಣ್ಣಿ ಹಿಚುಕಿ ನಾಕ ದಿನಕ್ಕ ಮಲಗಿದ್ರು. ಅವರ ರಗತ ಮುಟ್ಟಿದಾಕಿ ಅತ್ತಿ. ಈಗ ಅತ್ತಿ ಮಲಗ್ಯಾಳ. ಇದು ಮನ್ಯಾಗ ಒಬ್ಬರಿಂದ ಒಬ್ಬರಿಗೆ ಹತ್ತಾಕತ್ತೈತ್ರಿ."

ಡಾಕ್ಟರ ಪೆನ್ನು ನಿಂತಿತು. ಅತ್ತೆಯನ್ನು ಬೇರೆ ಕೋಣೆಗೆ ಸಾಗಿಸಿದರು, ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು, ಮನೆಯವರೆಲ್ಲರ ಮೇಲೆ ಕಣ್ಣಿಟ್ಟರು. ಉಣ್ಣಿಯಿಂದ ಬರುವ ರಕ್ತಸ್ರಾವದ ಜ್ವರವೆಂದು ಖಾತ್ರಿಯಾಯಿತು. ಅತ್ತೆ ಉಳಿದರು. ಮತ್ತೆ ಯಾರಿಗೂ ಹತ್ತಲಿಲ್ಲ.

ಆಮೇಲೆ ಪತ್ರಿಕೆಯವರು ಬಂದಾಗ ಮಾತಾಡಿದವಳು ನಾನು. "ನನಗೆ ಮೊದಲೇ ಅನುಮಾನವಿತ್ತು" — ಇದೇ ಮಾತು ಅಚ್ಚಾಯಿತು. ಶಾಲೆಯಲ್ಲಿ ಸನ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕಾಶವ್ವ. ಆ ಸದ್ದು ಇವತ್ತಿಗೂ...

ಮೊನ್ನೆ ಇದನ್ನೆಲ್ಲ ಬರೆದು ಅವಳಿಗೇ ಓದಿ ಹೇಳಿದೆ. ನಕ್ಕುಬಿಟ್ಟಳು. "ಅತ್ತಿ ಉಳಿದ್ಲಲ್ಲಕ್ಕಾ, ಅಷ್ಟ ಸಾಕ ಬಿಡ್ರಿ."

ಅವಳಿಗೆ ಸಾಕು. ನನಗೆ ಸಾಲದು.

ಬರುವ ಸೋಮವಾರ ಬಬಲೇಶ್ವರದಲ್ಲಿ ಆಶಾ ಕಾರ್ಯಕರ್ತೆಯರಿಗೆ ಈ ಜ್ವರದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಮೊದಲು ನನ್ನ ಸುಳ್ಳನ್ನು ನಾನೇ ಹೇಳುತ್ತೇನೆ. ಆಮೇಲೆ ಮೈಕು ಕಾಶವ್ವನ ಕೈಗೆ. ರೋಗಿಯ ಮನೆಯಲ್ಲಿ ಏನೇನು ನೋಡಬೇಕು, ಏನೇನು ಕೇಳಬೇಕು ಅನ್ನುವುದನ್ನು ಅವಳೇ ಹೇಳಲಿ. ನಮ್ಮ ಮನೆಯಲ್ಲಿ ಇಂಥವಳೊಬ್ಬಳು ಇದ್ದಾಳೆಂದು ಊರಿಗೆಲ್ಲ ಗೊತ್ತಾಗಲಿ.