ಸ್ನಾನಕ್ಕೆ ಹೋದವರು

ಮೇಲಿನ ಫ್ಲ್ಯಾಟಿನ ಆಂಟಿಯ ಗಂಡ ತೀರಿಕೊಂಡು ಎಂಟು ತಿಂಗಳಾಗಿದ್ದರೂ, ಗ್ಯಾಸಿನ ಭಯ್ಯಾ ‘ಸಾಹೇಬರೆಲ್ಲಿ?’ ಎಂದು ಕೇಳಿದಾಗಲೆಲ್ಲ ಆಂಟಿ, ‘ಸ್ನಾನಕ್ಕೆ ಹೋಗಿದ್ದಾರೆ’ ಎನ್ನುತ್ತಿದ್ದರು. ಕನೆಕ್ಷನ್ ಗಂಡನ ಹೆಸರಿನಲ್ಲಿತ್ತು. ವಿಷಯ ತಿಳಿದರೆ ಸಿಲಿಂಡರ್ ನಿಲ್ಲಿಸಿಬಿಟ್ಟಾರೆಂಬ ಭಯ. ನಂಬಿಕೆ ಬರಲೆಂದು ಬಚ್ಚಲಿನ ನಲ್ಲಿ ತಿರುಗಿಸಿ, ಬಾಗಿಲಿಗೊಂದು ಟವೆಲ್ ಬೇರೆ ನೇತುಹಾಕುತ್ತಿದ್ದರು. ಬೇಸಿಗೆಯ ದಿಲ್ಲಿಯಲ್ಲಿ ನಾವೆಲ್ಲ ಒಂದು ಬಕೆಟ್ ನೀರಿಗೆ ಪರದಾಡುತ್ತಿದ್ದಾಗ, ಸತ್ತವರೊಬ್ಬರೇ ಧಾರಾಳವಾಗಿ ಮೀಯುತ್ತಿದ್ದರು.

ಕೊನೆಗೆ ನಾನೇ ಅರ್ಜಿ ತುಂಬಿ, ಕನೆಕ್ಷನ್ ಆಂಟಿಯ ಹೆಸರಿಗೆ ಮಾಡಿಸಿದೆ. ಮುಂದಿನ ಸಿಲಿಂಡರ್ ಬಂದಾಗ ಹೊಸ ಪುಸ್ತಕದಲ್ಲಿ ಆಂಟಿ ತಾವೇ ಸಹಿ ಹಾಕಿದರು. ಭಯ್ಯಾ ಇಳಿದು ಹೋದ ಮೇಲೆ, ಒಳಗೆ ಹೋಗಿ ಬಚ್ಚಲಿನ ನಲ್ಲಿ ಬಿಟ್ಟರು.

‘ಇನ್ನು ಅದೆಲ್ಲ ಬೇಕಾಗಿಲ್ಲ ಆಂಟಿ,’ ಎಂದೆ.

‘ನನಗೆ ಗೊತ್ತು ಕಣಪ್ಪ,’ ಎಂದು ಟವೆಲ್ ಕೊಡವಿದರು. ‘ಅವರಿಗೆ ಯಾರು ಹೇಳೋದು?’