ಹೊಲಿಗೆ ಕೋಣೆಗೆ ಹಳೆಯ ಹೆಂಚು

ಮತ್ತೋಡಿನ ನಮ್ಮ ಮನೆಯ ಪಕ್ಕದಲ್ಲಿ ನನಗೊಂದು ಹೊಲಿಗೆ ಕೋಣೆ ಕಟ್ಟುವುದೆಂದಾಯಿತು. ಗೋಡೆಗಳು ಎದ್ದವು, ಮೇಲೆ ಏನು ಹೊದಿಸುವುದೆಂಬುದೇ ಬಗೆಹರಿಯಲಿಲ್ಲ.

"ತಗಡಿನ ಶೀಟ್ ಹಾಕಿಬಿಡಾಣ, ಬೇಗ ಮುಗೀತತೆ" ಎಂದರು ನನ್ನ ಗಂಡ. ಮದುವೆಗೆ ಮುಂಚೆ ಚಿತ್ರದುರ್ಗದಲ್ಲಿ ಶೀಟಿನಡಿಯೇ ಹೊಲಿಗೆ ಕಲಿತವಳು ನಾನು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕತ್ತರಿ ಮುಟ್ಟಿದರೂ ಬಿಸಿ. ಸಿಮೆಂಟಿನ ತಾರಸಿಯೂ ಬೇಡವಾಗಿತ್ತು. ಹಗಲೆಲ್ಲ ಕಾದದ್ದು ಸಂಜೆಯಾದರೂ ಆರುವುದಿಲ್ಲ. ಊರಿನಲ್ಲಿ ಉಳಿದಿರುವ ಒಂದೆರಡು ಹಳೆಯ ಮಾಳಿಗೆ ಮನೆಗಳ ಒಳಗೆ ಕಾಲಿಟ್ಟರೆ ಎಷ್ಟು ತಂಪು! ಮರದ ತೊಲೆ, ಜಂತೆ, ಅದರ ಮೇಲೆ ಕರಲು ಎನ್ನುವ ಚೌಳು ಮಣ್ಣು. ಆ ಮಣ್ಣು ನಮ್ಮ ಹೊಲದ ಬದಿಯಲ್ಲೇ ಇತ್ತು. ಅಂಥ ಮಾಳಿಗೆಯನ್ನೇ ಹಾಕಿಸೋಣವೆಂದು ಊಟಕ್ಕೆ ಕೂತಾಗ ಉತ್ಸಾಹದಿಂದ ಹೇಳಿದೆ, ಗಂಡ ಒಪ್ಪಿದರು. ಅತ್ತೆ ಮಾತ್ರ ತಟ್ಟೆ ಸರಿಸಿ ಎದ್ದುಹೋದರು.

ಹಿತ್ತಲಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದವರ ಬಳಿ ಹೋಗಿ ಕುಳಿತೆ. "ಯಾಕತ್ತೆ, ಮಣ್ಣಿನ ಮಾಳಿಗೆ ಬ್ಯಾಡ್ವಾ?"

ಸೊಪ್ಪಿನ ಕಂತೆ ಬಿಡಿಸುತ್ತಲೇ ಹೇಳಿದರು: "ನಾವು ಸಣ್ಣೋರಿದ್ದಾಗ ಅಂಥದ್ರಾಗೇ ಇದ್ದಿದ್ದು ಕಣವ್ವ. ಸೋನೆ ಹಿಡೀತು ಅಂದ್ರೆ ಸೋರೋದು. ನಮ್ಮವ್ವ ನಮ್ಮನ್ನ ಒಣಗಿದ ಮೂಲೇಲಿ ಮಲಗ್ಸಿ, ತಾನು ಸೋರೋ ಕಡೆ ಕುಂತಿರಾಳು. ಬೆಳಿಗ್ಗೆ ನೋಡಿದ್ರೆ ಸೀರೆಯೆಲ್ಲ ಕೆಸರು. ಮಾಳಿಗೆ ಅಂದ್ರೆ ನಂಗೆ ಆ ಸೀರೇನೇ ಕಣ್ಮುಂದೆ ಬರ್ತತೆ."

ಅವರ ಕೈ ಹಿಡಿದೆ. ಸೊಪ್ಪಿನ ರಸದಿಂದ ಅಂಟಂಟಾಗಿತ್ತು, ಅವರು ಬಿಡಿಸಿಕೊಳ್ಳಲಿಲ್ಲ. "ಬ್ಯಾಡ ಬಿಡ್ರಿ ಅತ್ತೆ. ಬೇರೆ ನೋಡಾಣ."

ಕೆಲ ದಿನಗಳಲ್ಲೇ ಬಾಗೂರಿನಲ್ಲಿ ಯಾರೋ ಹೆಂಚಿನ ಮನೆ ಕೆಡವುತ್ತಿದ್ದಾರೆಂದು ತಿಳಿಯಿತು. ಎಂದೋ ಸುಟ್ಟ ಹೆಂಚು, ಈಗ ತಿಪ್ಪೆಗೆ ಬೀಳುವುದರಲ್ಲಿತ್ತು. ಹೊಸದಾಗಿ ಯಾವ ಭಟ್ಟಿಯೂ ಉರಿಯಬೇಕಿಲ್ಲ. ಅತ್ತೆಯನ್ನೂ ಕರೆದುಕೊಂಡು ಹೋದೆ. ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ಬೆರಳಿನಿಂದ ತಟ್ಟಿ ಆರಿಸಿದೆವು. ಠಣ್ ಎಂದರೆ ಗಟ್ಟಿ, ಬದ್ ಎಂದರೆ ಬಿರುಕು. ಆ ಮನೆಯಲ್ಲಿ ಹೆಂಚು ಕೂರಿಸಿದ್ದ ಮರದ ರೀಪುಗಳೂ ಚೆನ್ನಾಗಿದ್ದವು, ಅವನ್ನೂ ಕೇಳಿ ತೆಗೆದುಕೊಂಡೆವು. ರಾಶಿಯಡಿ ಒಂದು ಗಾಜಿನ ಹೆಂಚು ಸಿಕ್ಕಿತು. ಅತ್ತೆ ಅದನ್ನು ಸೆರಗಿನಿಂದ ಒರೆಸಿ, ಕಣ್ಣಿಗೆ ಹಿಡಿದು, ಅದರೊಳಗಿಂದ ನನ್ನನ್ನು ನೋಡಿ ನಕ್ಕರು.

"ಇದನ್ನ ನಿನ್ ಮಿಶಿನ್ ಮ್ಯಾಲೆ ಹಾಕ್ಸಾಣ. ದಾರ ಪೋಣಿಸಾಕೆ ಬೆಳಕಾಗ್ತತೆ."

ಲಗೇಜ್ ಆಟೋದಲ್ಲಿ ಊರು ಮುಟ್ಟುವವರೆಗೂ ಅತ್ತೆ ಅದನ್ನು ಮಡಿಲಿಂದ ಇಳಿಸಲಿಲ್ಲ.

ಹೆಂಚು ಹೊದಿಸಿದ ಮೇಲೆ ಬಂದ ಮೊದಲ ಮಳೆಗೆ ಕೋಣೆಯಲ್ಲಿ ಒಂದು ಕಡೆ ತೊಟ್ಟಿಕ್ಕಿತು. ಅಂಗಿಗೆ ಗುಂಡಿ ಹಚ್ಚುತ್ತಾ ಕುಳಿತಿದ್ದ ಅತ್ತೆಯ ಮುಖ ಸಣ್ಣದಾಯಿತು. ನಾನು ಸ್ಟೂಲ್ ಹತ್ತಿ, ಸರಿದಿದ್ದ ಹೆಂಚನ್ನು ಒಳಗಿನಿಂದಲೇ ಅಂಗೈಯಲ್ಲಿ ಒತ್ತಿ ಕೂರಿಸಿದೆ. ಹನಿ ನಿಂತಿತು.

"ಅಷ್ಟೇನಾ?"

"ಅಷ್ಟೇ ಅತ್ತೆ."

ಅವರಿಗೆ ನಂಬಿಕೆಯಾಗಲಿಲ್ಲ. ಸ್ವಲ್ಪ ಹೊತ್ತು ತಲೆಯೆತ್ತಿ ಕಾದರು. ಆಮೇಲೆ ಚಾಪೆಯ ಮೇಲೆ ಕಾಲು ಚಾಚಿ ತಮ್ಮ ಅವ್ವನ ಮಾತು ತೆಗೆದರು. ಆಕೆ ಬಲು ತಮಾಷೆಯವಳಂತೆ. ನೆಂಟರು ಹೋದ ಮೇಲೆ ಒಬ್ಬೊಬ್ಬರ ನಡಿಗೆಯನ್ನೂ ಅಣಕಿಸಿ ಮಕ್ಕಳನ್ನು ನಗಿಸುತ್ತಿದ್ದಳಂತೆ. "ನಮ್ ಸೋದರಮಾವ ಹಿಂಗ್ ನಡಿಯಾನು" ಎಂದು ಅತ್ತೆ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಆ ಸಣ್ಣ ಕೋಣೆಯಲ್ಲಿ ನಡೆದು ತೋರಿಸಿದರು.